ಬ್ರೇಕ್ ಒತ್ತಿದವರು ಯಾರು

ಮಾರ್ಚ್ 3, ಭಾನುವಾರ, ಸಂಜೆ

ಮಗಳ ಮನೆಯಿಂದ ಈಗಷ್ಟೇ ವಾಪಸ್. ಮೊಮ್ಮಗಳು ಇವತ್ತು ನನ್ನ ಮೂಗು ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಹಲ್ಲಿಲ್ಲದ ನಗು.

ಕ್ರೂಸ್ ಕಂಟ್ರೋಲ್ ಮತ್ತೆ ಕೈಕೊಟ್ಟಿತು. ಹೋಗುವಾಗಲೂ, ಬರುವಾಗಲೂ. ಹೈವೇ ಹತ್ತಿ ಎಂಬತ್ತಕ್ಕೆ ಬಂದ ಮೇಲೆ ಸ್ಟೇರಿಂಗ್ ಮೇಲಿನ ಬಟನ್ ಒತ್ತುತ್ತೇನೆ. ಮೀಟರ್ ಪಕ್ಕ ಹಸಿರು ದೀಪ ಬರುತ್ತದೆ. ಇನ್ನು ವೇಗದ ಚಿಂತೆ ಗಾಡಿಯದು ಎಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಹಾಯಾಗಿ ಕೂರುತ್ತೇನೆ. ಸ್ವಲ್ಪ ದೂರ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಟಪ್. ದೀಪ ಆರುತ್ತದೆ, ಗಾಡಿ ನಿಧಾನವಾಗುತ್ತದೆ. ಹಿಂದೆ ಬರುತ್ತಿದ್ದ ಲಾರಿಯವನು ಪಕ್ಕಕ್ಕೆ ಬಂದು ಕೈ ಆಡಿಸಿ ಬೈದುಕೊಂಡು ಹೋದ.

“ಅದನ್ನ ಬಿಟ್ಟು ಕಾಲಲ್ಲೇ ಓಡಿಸಿ ರೀ,” ಎಂದಳು ಇವಳು.

“ಕಾಲಲ್ಲೇ ಓಡಿಸೋದಾದ್ರೆ ಇದಿರೋದು ಯಾಕೆ?”

ನಿಜ ಹೇಳಬೇಕೆಂದರೆ ಬಲಗಾಲು ಈಚೆಗೆ ಬೇಗ ಸೋಲುತ್ತದೆ. ಒಳಗೆ ಹತ್ತಿ ತುರುಕಿದ ಹಾಗೆ. ವಯಸ್ಸು, ಇನ್ನೇನು. ಇವಳಿಗೆ ಹೇಳಿಲ್ಲ. ಹೇಳಿದರೆ ನನ್ನ ಸಕ್ಕರೆ ಕಾಯಿಲೆಯ ಪುರಾಣ ಮೊದಲಿನಿಂದ ಶುರು.

ಗಾಡಿಯ ಪುಸ್ತಕ ಹಿಡಿದು ಫ್ಯೂಸ್ ನೋಡಿದೆ. ಸರಿಯಿದೆ. ಬುಧವಾರ ಗ್ಯಾರೇಜ್.

ಮಾರ್ಚ್ 6, ಬುಧವಾರ

ಮೆಕ್ಯಾನಿಕ್ ಹೈವೇವರೆಗೆ ಓಡಿಸಿಕೊಂಡು ಹೋಗಿ ಬಂದ. “ಎಲ್ಲೂ ಬಿಡ್ಲಿಲ್ಲ ಸಾರ್. ಬೆಣ್ಣೆ ಥರ ಹೋಗ್ತಿದೆ.”

ಹಲ್ಲುನೋವು ಡಾಕ್ಟರ ಮುಂದೆ ಮಾಯವಾಗುವ ಹಾಗೆ. ಹಾಗಾದರೆ ನಾನು ಓಡಿಸುತ್ತೇನೆ, ಪಕ್ಕದಲ್ಲಿ ಕೂತು ನೋಡು ಎಂದೆ. ಅವನು ಸ್ಕ್ಯಾನರ್ ಸಿಕ್ಕಿಸಿಕೊಂಡು ಅದರ ಪರದೆ ನೋಡುತ್ತಾ ಕೂತ. ಹೈವೇ ಹತ್ತಿದೆವು. ಬಟನ್, ಹಸಿರು ದೀಪ, ಸ್ವಲ್ಪ ಹೊತ್ತು... ಟಪ್.

“ನೋಡಿದ್ಯಾ!”

“ಬ್ರೇಕ್ ಒತ್ತಿದ್ರಾ ಸಾರ್?”

“ನಾನ್ಯಾಕಪ್ಪ ಒತ್ತಲಿ?”

“ಅಲ್ಲ, ಬ್ರೇಕ್ ಒತ್ತಿದಾರೆ ಅಂತ ಇದರಲ್ಲಿ ತೋರಿಸ್ತಿದೆ. ಬ್ರೇಕ್ ಮುಟ್ಟಿದ್ರೆ ಕ್ರೂಸ್ ಬಿಟ್ಟುಬಿಡತ್ತೆ, ಅದು ಹಾಗೇ ಇರೋದು...”

ಸಿಟ್ಟು ಬಂತು. ಗೇರ್ ಇಲ್ಲದ ಗಾಡಿ, ಇರುವುದೇ ಎರಡು ಪೆಡಲ್. ಯಾವುದರ ಮೇಲೆ ಕಾಲಿದೆ ಎಂದು ತಿಳಿಯದವನೇ ನಾನು? ಬಾಟ್ಲಿಂಗ್ ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್ ನಾನು. ಯಾರ ಕೈ ಯಾವ ಯಂತ್ರದಲ್ಲಿ ಯಾಕೆ ಸಿಕ್ಕಿಕೊಂಡಿತು ಎಂದು ಊರಿಗೆಲ್ಲ ಹೇಳುವವನು. ಹೀಗೆಲ್ಲ ಅವನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವನು ಮುಖ ಒರೆಸಿಕೊಂಡು, “ಹಾಗಿದ್ರೆ ಪೆಡಲ್ ಹತ್ರ ಇರೋ ಬ್ರೇಕ್ ಸ್ವಿಚ್ಚೇ ಹೋಗಿರಬೇಕು, ಬದಲಾಯಿಸ್ತೀನಿ,” ಎಂದ.

ಹೊಸ ಸ್ವಿಚ್ ಹಾಕಿದ. ಮುಗಿಯಿತು.

ಮಾರ್ಚ್ 10, ಭಾನುವಾರ

ಮುಗಿದಿಲ್ಲ.

ಇವತ್ತು ಭಾಮೈದನೂ ಮಗು ನೋಡಲು ಬಂದ, ತನ್ನ ಗಾಡಿಯಲ್ಲಿ, ನಮ್ಮ ಹಿಂದೆಯೇ. ಮಗಳ ಮನೆ ಮುಂದೆ ಇಳಿದವನೇ, “ಏನ್ ಭಾವ, ದಾರಿಯುದ್ದಕ್ಕೂ ಬ್ರೇಕ್ ಲೈಟು! ಮದುವೆ ಮನೆ ಸೀರಿಯಲ್ ಸೆಟ್ ಥರ ಹತ್ತೋದು, ಆರೋದು. ನೀವು ನಿಲ್ತೀರೋ ಹೋಗ್ತೀರೋ ತಿಳೀದೆ ನನಗೆ ತಲೆ ಕೆಟ್ಟುಹೋಯ್ತು,” ಎಂದ.

ಎಲ್ಲರೂ ನಕ್ಕರು. ಅಳಿಯನೂ. ನಗು ನನ್ನ ಮೇಲೆ ಬೀಳುತ್ತಿದೆ ಎನ್ನಿಸಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ಎಲ್ಲಾ ನಿಮ್ಮಕ್ಕನ ಕೃಪೆ. ವಾರವೆಲ್ಲ ಗಾಡಿ ತಗೊಂಡು ಹೋಗೋಳು ಅವಳು. ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡಿಸ್ತಾಳೆ. ಕಲಿಸೋವಾಗ್ಲೇ ಬಡ್ಕೊಂಡೆ. ಒತ್ತಿ ಒತ್ತಿ ಪೆಡಲ್ ಸವೆಸಿದಾಳೆ.”

ಇವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು. ಆಮೇಲೆ ಮಡಿಸುವುದನ್ನು ಮುಂದುವರಿಸಿದಳು. “ಹೋಗ್ಲಿ ಬಿಡಪ್ಪ, ಅಮ್ಮ ಚೆನ್ನಾಗೇ ಓಡಿಸ್ತಾಳೆ,” ಎಂದಳು ಮಗಳು. ಭಾಮೈದ ಇನ್ನೂ ಒಂದು ಜೋಕ್ ಸೇರಿಸಿದ, ಹೆಂಗಸರ ಡ್ರೈವಿಂಗ್ ಬಗ್ಗೆ. ನಾನೂ ನಕ್ಕೆ.

ಬರುವಾಗ ದಾರಿಯುದ್ದಕ್ಕೂ ಇವಳು ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು.

ಮಾರ್ಚ್ 11, ಸೋಮವಾರ

ಬೆಳಿಗ್ಗೆ ನೋಡಿದರೆ ಗಾಡಿ ಮನೆಯಲ್ಲೇ. ಕೀ ಮೊಳೆಗೆ ನೇತಾಡುತ್ತಿದೆ. ಇವಳು ಬಸ್ಸಿಗೆ ಹೋಗಿದ್ದಾಳೆ. ಕೆಲಸ ಲೈಬ್ರರಿಯಲ್ಲಿ, ಊರಿನ ಆ ತುದಿ. ಎರಡು ಬಸ್ ಹಿಡಿಯಬೇಕು.

ಸಂಜೆ ಕೇಳಿದೆ.

“ಇನ್ನೂ ಸವೆದುಹೋದ್ರೆ? ಬೇಡ ಬಿಡಿ.”

ಹಟಮಾರಿ. ಎರಡು ದಿನ ನಿಂತುಕೊಂಡು ಹೋದರೆ ತಾನಾಗಿಯೇ ಕೀ ತೆಗೆದುಕೊಳ್ಳುತ್ತಾಳೆ.

ಮಾರ್ಚ್ 16, ಶನಿವಾರ

ಇದನ್ನು ಬರೆಯಬೇಕೋ ಬೇಡವೋ.

ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚಿದೆ. ಬಲಗಾಲಿನ ಬೂಟಿನಿಂದ ಬಾಟಲಿ ಮುಚ್ಚಳವೊಂದು ಉರುಳಿ ಬಿತ್ತು. ತಗಡಿನದು, ಸುತ್ತ ಹಲ್ಲಿರುವಂಥದು. ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಬೆಂಚಿನ ಕೆಳಗೆ ಬೂಟು ಬಿಚ್ಚಿ ಇಟ್ಟಿದ್ದಾಗ ಬಿದ್ದಿರಬೇಕು. ಅದನ್ನು ತುಳಿದುಕೊಂಡೇ ದಿನವಿಡೀ ಓಡಾಡಿದ್ದೇನೆ. ಅಂಗಾಲಿನಲ್ಲಿ ಅದರದೇ ಅಚ್ಚು, ದುಂಡಗೆ, ಹಲ್ಲು ಹಲ್ಲಾಗಿ. ರಕ್ತ ಒಣಗಿ ಸಾಕ್ಸ್ ಅಂಟಿಕೊಂಡಿದೆ. ಗೊತ್ತೇ ಆಗಿಲ್ಲ.

ಬೆರಳಿನಿಂದ ಒತ್ತಿದೆ. ಬೆರಳಿಗೆ ಕಾಲು ಸಿಕ್ಕಿತು, ಕಾಲಿಗೆ ಬೆರಳು ಸಿಗಲಿಲ್ಲ.

ಸಾಕ್ಸ್ ನಾನೇ ಒಗೆದೆ. “ಏನಿವತ್ತು ನೀವೇ?” ಎಂದಳು. ಕೆಸರಾಗಿತ್ತು ಎಂದೆ. ಕೆಸರೆಲ್ಲಿ, ಮಳೆಯೇ ಇಲ್ಲ. ಅವಳು ಕೇಳಲಿಲ್ಲ. ಈಗ ಯಾವುದನ್ನೂ ಹೆಚ್ಚು ಕೇಳುತ್ತಿಲ್ಲ.

ಬಸ್ಸಿಗೇ ಹೋಗುತ್ತಿದ್ದಾಳೆ.

ಮಾರ್ಚ್ 24, ಭಾನುವಾರ

ಅಕ್ಷರ ನನಗೇ ಓದಲಾಗುತ್ತಿಲ್ಲ.

ಮಗಳ ಮನೆಗೆ ಹೊರಟಿದ್ದೆವು. ಇವಳು ಇಳಿದು ಗೇಟ್ ತೆಗೆಯುತ್ತಿದ್ದಳು, ಗಾಡಿಯ ಎದುರಿಗೇ. ಚಿಲಕ ಬಿಗಿಯಾಗಿತ್ತು. ನಾನು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೂತಿದ್ದೆ. ಹಾಗೆಂದುಕೊಂಡಿದ್ದೆ. ಗಾಡಿ ಮೆಲ್ಲಗೆ ಮುಂದಕ್ಕೆ ಸರಿಯಿತು. ಇನ್ನೂ ಜೋರಾಗಿ ಒತ್ತಿದೆ. ಗಾಡಿ ಹಾರಿತು.

ಇವಳು ಹೇಗೆ ಪಕ್ಕಕ್ಕೆ ಬಿದ್ದಳೋ ಕಾಣೆ. ಗೇಟಿನ ಒಂದು ಬಾಗಿಲು ಬಿಲ್ಲಿನ ಹಾಗೆ ಬಾಗಿದೆ. ಇನ್ನೊಂದು ಗೇಣು ಆ ಕಡೆ ಆಗಿದ್ದರೆ ಇವಳೂ ಕಂಬವೂ ಗಾಡಿಯೂ... ಬರೆಯಲಾರೆ.

ಇವಳ ಮೊಣಕೈ ತರಚಿದೆ, ಅಷ್ಟೇ. ಅಷ್ಟೇ ಎಂದು ಬರೆಯಲು ನನಗೇನು ಹಕ್ಕಿದೆ.

ಪಕ್ಕದ ಮನೆಯವರು ಓಡಿಬಂದರು. ನನ್ನ ಬಾಯಿಂದ ಬಂದ ಮೊದಲ ಮಾತು: “ಬ್ರೇಕ್ ಹಿಡೀಲಿಲ್ಲ!” ಅವಳಿಗೆ ಏಟಾಯಿತೇ ಎಂದು ಕೇಳುವುದಕ್ಕೂ ಮೊದಲು. ಆ ಮಾತನ್ನೇ ಬಂದವರಿಗೆಲ್ಲ ಹೇಳಿದೆ. “ಮೊನ್ನೆ ತಾನೇ ಬ್ರೇಕ್ ಸ್ವಿಚ್ ಹಾಕ್ಸಿದ್ದು. ಎಂಥ ಕೆಲಸ ಮಾಡಿದಾನೋ ಪುಣ್ಯಾತ್ಮ.” ಹೇಳುತ್ತಾ ಹೇಳುತ್ತಾ ನನಗೂ ಅದೇ ನಿಜ ಅನ್ನಿಸತೊಡಗಿತು.

ಇವಳು ಮೆಟ್ಟಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 25, ಸೋಮವಾರ

ಭಾಮೈದ ಬಂದ. “ಅಕ್ಕನ್ನ ಕೊಲ್ತಿದ್ನಲ್ಲ ಭಾವ ಆ ಗ್ಯಾರೇಜಿನವನು!” ಎಂದು ತಾನೇ ಗಾಡಿ ಹತ್ತಿದ. ಈಗೇನೋ ಬ್ರೇಕ್ ಹಿಡಿಯುತ್ತಿದೆ, ನಂಬುವ ಹಾಗಿಲ್ಲ ಎನ್ನುತ್ತಾ ನಿಧಾನವಾಗಿ ಗ್ಯಾರೇಜಿಗೆ ಓಡಿಸಿದ. ನಾನು ಪಕ್ಕದ ಸೀಟಿನಲ್ಲಿ.

ನಾನು ಇಳಿಯಲಿಲ್ಲ. ಅವನು ಇಳಿದು ಶುರುಮಾಡಿದ. ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳಿದ್ದರು. ತಮ್ಮ ವ್ಯಾನ್ ತೋರಿಸಲು ಬಂದ ಮುದುಕರೊಬ್ಬರು, ಸ್ಕೂಟರಿನವರು ಇಬ್ಬರು. ಮೆಕ್ಯಾನಿಕ್‌ನ ಹೆಂಡತಿ ಆಫೀಸ್ ಕೋಣೆಯ ಬಾಗಿಲಿಗೆ ಬಂದು ನಿಂತಳು. ಭಾಮೈದ ಆಡಬಾರದ್ದನ್ನೆಲ್ಲ ಆಡಿದ. ಕೊಲೆಗಡುಕ ಎಂದ. ಡೂಪ್ಲಿಕೇಟ್ ಮಾಲು ಹಾಕಿ ಜೀವ ತೆಗೆಯುವವನು ಎಂದ. ವ್ಯಾನಿನ ಮುದುಕರು ಮೆಲ್ಲಗೆ ವ್ಯಾನ್ ಹತ್ತಿ ಹೊರಟುಹೋದರು.

ಮೆಕ್ಯಾನಿಕ್ ನನ್ನ ಕಿಟಕಿಯ ಹತ್ತಿರ ಬಂದ. ಕೈ ತುಂಬ ಗ್ರೀಸ್. ಗಾಜು ಮುಟ್ಟದೆ ಬಗ್ಗಿದ.

“ಸಾರ್, ನೀವೇ ಹೇಳಿ. ಸ್ವಿಚ್‌ಗೂ ಬ್ರೇಕ್ ಹಿಡಿಯೋದಕ್ಕೂ ಸಂಬಂಧ ಇಲ್ಲ ಸಾರ್. ಸ್ವಿಚ್ ಹೋದ್ರೂ ಬ್ರೇಕ್ ಹಿಡೀಲೇಬೇಕು. ನಿಮಗೆ ಗೊತ್ತಲ್ಲ.”

ಗೊತ್ತು. ನನಗೆ ಗೊತ್ತಿತ್ತು.

ನಾನು ಎದುರಿನ ಗೋಡೆ ನೋಡಿದೆ. ಗಾಜು ಏರಿಸಲಿಲ್ಲ, ಅದೊಂದು ಮಾಡಲಿಲ್ಲ. ಮಾತೂ ಆಡಲಿಲ್ಲ. ಅವನು ಸ್ವಲ್ಪ ಹೊತ್ತು ಬಗ್ಗಿಯೇ ನಿಂತಿದ್ದು ಆಮೇಲೆ ನೆಟ್ಟಗಾದ. “ಗಾಡಿ ಬಿಟ್ಟು ಹೋಗಿ. ಪೂರ್ತಿ ಬಿಚ್ಚಿ ನೋಡ್ತೀನಿ.”

ಮಾರ್ಚ್ 29, ಶುಕ್ರವಾರ

ಭಾಮೈದ ಗಾಡಿ ತಂದು ನಿಲ್ಲಿಸಿದ. ಮೆಕ್ಯಾನಿಕ್‌ನಿಂದ ಫೋನಿಗೆ ಮೆಸೇಜ್:

“ಸಾರ್ ನಾಲ್ಕೂ ಚಕ್ರ ಬಿಚ್ಚಿ ಎರಡು ಸಲ ನೋಡಿದೆ. ಏನೂ ಸಿಗಲಿಲ್ಲ. ಬೇರೆ ಕಡೆ ತೋರಿಸಿ. ಅಲ್ಲಿ ನನ್ನ ತಪ್ಪು ಸಿಕ್ಕಿದರೆ ದಯವಿಟ್ಟು ನನಗೂ ಹೇಳಿ. ಅಲ್ಲಿವರೆಗೆ ಯಾರ ಬ್ರೇಕ್ ಕೆಲಸನೂ ಮುಟ್ಟಲ್ಲ ಅಂತ ಇದ್ದೀನಿ.”

ಅವನ ಫೋನಿನಲ್ಲಿ ಎರಡು ಟಿಕ್ ಬಿದ್ದು ನೀಲಿ ಆಗಿರುತ್ತದೆ. ಓದಿದ್ದೇನೆ ಎಂದು ಅವನಿಗೂ ಗೊತ್ತು. ಉತ್ತರ ಬರೆದಿಲ್ಲ.

ಏಪ್ರಿಲ್ 3, ಬುಧವಾರ

ಫ್ಯಾಕ್ಟರಿಗೆ ರಜೆ. ಅದರ ಹಿಂದಿನ ಉದ್ದ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಗಾಡಿ ತೆಗೆದುಕೊಂಡು ಹೋದೆ. ಹೋಗಬಾರದಿತ್ತು. ಸ್ಟೇರಿಂಗ್ ಕೆಳಗೆ ಫೋನನ್ನು ಟೇಪ್ ಹಾಕಿ ಅಂಟಿಸಿದೆ, ಕ್ಯಾಮೆರಾ ಪೆಡಲ್ ಕಡೆಗೆ. ಯಂತ್ರದ ಅಪಘಾತವಾದರೆ ನಾವು ಮೊದಲು ನೋಡುವುದೂ ಕ್ಯಾಮೆರಾವನ್ನೇ ಅಲ್ಲವೇ.

ಬಟನ್. ಹಸಿರು ದೀಪ. ಟಪ್.

ರಸ್ತೆ ಬದಿ ನಿಲ್ಲಿಸಿ ನೋಡಿದೆ.

ಬೂಟು ಆಕ್ಸಿಲರೇಟರ್‌ನಿಂದ ಏಳುತ್ತದೆ. ಹಿಂದಕ್ಕೆ ಬರುತ್ತದೆ. ನೆಲದ ಮೇಲೆ ಕೂರಬೇಕಲ್ಲ, ನನ್ನ ಲೆಕ್ಕದಲ್ಲಿ ನೆಲದ ಮೇಲೇ ಕೂತಿದೆ. ಆದರೆ ಮೆಲ್ಲಗೆ ಎಡಕ್ಕೆ ವಾಲುತ್ತದೆ. ಬೂಟಿನ ಅಂಚು ಬ್ರೇಕ್ ಪೆಡಲ್ ಮೇಲೆ ಕೂರುತ್ತದೆ, ಬೆಕ್ಕು ಮಂಚ ಹತ್ತಿ ಮಲಗುವ ಹಾಗೆ, ಸದ್ದಿಲ್ಲದೆ. ಟಪ್ ಎನ್ನುವುದು ಫೋನಿನಲ್ಲೂ ಕೇಳುತ್ತದೆ. ಹಿಂದೆಯೇ ನನ್ನ ದನಿ, “ಥತ್, ದರಿದ್ರದ್ದು.”

ಗಾಡಿಗೆ ಬೈದದ್ದು.

ಮತ್ತೆ ಮತ್ತೆ ನೋಡಿದೆ. ಯಾರದೋ ಕಾಲು. ಗೇಟಿನ ಹತ್ತಿರ ಅದು ಎಲ್ಲಿತ್ತು ಎಂದು ತಿಳಿಯಲು ಈಗ ಕ್ಯಾಮೆರಾ ಬೇಕಿಲ್ಲ.

ಗಾಡಿ ಕೆಟ್ಟಿರಲಿಲ್ಲ. ಸ್ವಿಚ್ ಕೆಟ್ಟಿರಲಿಲ್ಲ. ಇವಳು ಏನನ್ನೂ ಸವೆಸಿರಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಒಂದಲ್ಲ, ಎರಡು ಎಮ್ಮೆಗೆ.

ವಿಡಿಯೋ ಅಳಿಸಿದೆ. ಗಾಡಿ ಅಲ್ಲೇ ಬಿಟ್ಟು ಆಟೋ ಹಿಡಿದು ಮನೆಗೆ ಬಂದೆ. ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದೆ. ಇನ್ನೊಂದು ಸುಳ್ಳು.

ಏಪ್ರಿಲ್ 7, ಭಾನುವಾರ

ತಲೆನೋವು ಎಂದೆ. ಇವಳೊಬ್ಬಳೇ ಬಸ್ಸಿನಲ್ಲಿ ಹೋಗಿ ಮಗು ನೋಡಿಕೊಂಡು ಬಂದಳು. ಮಗಳು ಫೋನ್ ಮಾಡಿದಳು. “ಅಪ್ಪ, ಮುಂದಿನ ಭಾನುವಾರ ನನ್ನೂ ಪಾಪೂನೂ ಕರ್ಕೊಂಡು ಹೋಗು. ಒಂದು ತಿಂಗಳು ಅಲ್ಲಿರ್ತೀನಿ. ನೀನೇ ಬರ್ಬೇಕು, ಬಸ್ಸಲ್ಲಿ ಪಾಪೂಗೆ ಆಗಲ್ಲ.”

“ಆಯ್ತು ಪುಟ್ಟಿ, ಬರ್ತೀನಿ,” ಎಂದೆ.

ಬರ್ತೀನಿ ಎಂದೆ! ಆ ಕಾಲಿಟ್ಟುಕೊಂಡು.

ಏಪ್ರಿಲ್ 8, ಸೋಮವಾರ

ಊಟ ಮುಗಿಸಿ ಇವಳು ಎದ್ದು ಹೋಗಲಿಲ್ಲ. ತಟ್ಟೆಯ ಮುಂದೆಯೇ ಕೂತಳು.

“ಭಾನುವಾರ ಮಗೂನ ಕೂರಿಸ್ಕೊಂಡು ನೀವು ಓಡಿಸ್ತೀರಾ?”

“ಯಾಕೆ?”

“ಗೇಟಿನ ಹತ್ರ ನಾನು ನಿಮ್ಮ ಮುಖ ನೋಡ್ತಿದ್ದೆ. ಗಾಜಿನೊಳಗೆ. ಬ್ರೇಕ್ ಒತ್ತಿರೋ ಮುಖ ಅದು. ಹಲ್ಲು ಕಚ್ಚಿ ಒತ್ತುತಾ ಇದೀರಿ, ಗಾಡಿ ನನ್ನ ಮೇಲೆ ಬರ್ತಿದೆ. ನೀವು ಸುಳ್ಳು ಹೇಳ್ತಿಲ್ಲ ಅಂತ ಗೊತ್ತಾಯ್ತು. ಆದ್ರೆ ನಿಜ ಏನು ಅಂತ ಗೊತ್ತಾಗ್ಲಿಲ್ಲ. ಅವತ್ತಿಂದ ಕಾಯ್ತಿದೀನಿ.”

ಸಾಕ್ಸ್ ಬಿಚ್ಚಿ ಕಾಲು ಕುರ್ಚಿಯ ಮೇಲೆ ಇಟ್ಟೆ. ಮುಚ್ಚಳದ ಗಾಯ ಇನ್ನೂ ಮಾಯ್ದಿಲ್ಲ, ಸುತ್ತ ಕಪ್ಪಾಗಿದೆ. ಅವಳು ನೋಡಿದಳು. ಬಾಯಿಗೆ ಸೆರಗು ಹಿಡಿಯಲಿಲ್ಲ, ಅಳಲಿಲ್ಲ. ಚಮಚದ ತುದಿಯಿಂದ ಹೆಬ್ಬೆರಳು ಒತ್ತಿದಳು.

“ಗೊತ್ತಾಗತ್ತಾ?”

“ಇಲ್ಲ.”

ಎಲ್ಲ ಹೇಳಿದೆ. ಕ್ಯಾಮೆರಾ, ಮುಚ್ಚಳ, ಎಲ್ಲ. ನಿನ್ನ ಮೇಲೆ ತಪ್ಪು ಹೊರಿಸಿದ್ದಕ್ಕೆ— ಎಂದು ಶುರುಮಾಡಿದೆ. ಕೈ ಎತ್ತಿ ತಡೆದಳು.

“ಆ ಗ್ಯಾರೇಜಿನವನಿಗೆ ಹೇಳಿದ್ರಾ?”

“ಇಲ್ಲ.”

“ಮೊದ್ಲು ಡಾಕ್ಟ್ರು. ಆಮೇಲೆ ಅವನು. ನನಗೆ ಆಮೇಲೆ ಹೇಳಿ. ನಾನು ಎಲ್ಲಿಗೂ ಹೋಗಲ್ಲ.”

ಏಪ್ರಿಲ್ 10, ಬುಧವಾರ

ಡಾಕ್ಟರ್ ಕಣ್ಣು ಮುಚ್ಚಿಸಿದರು. ನೈಲಾನ್ ದಾರದ ತುಂಡಿನಿಂದ ಅಂಗಾಲು ಮುಟ್ಟುತ್ತಾರಂತೆ, ಗೊತ್ತಾದಾಗ ಹೇಳಬೇಕಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸುಮ್ಮನಿರಲು ಭಯವಾಯಿತು. “ಹೂಂ, ಈಗ,” ಎಂದೆ. “ಈಗ ಮತ್ತೆ.”

“ನಾನಿನ್ನೂ ಮುಟ್ಟೇ ಇಲ್ಲ,” ಎಂದರು ಡಾಕ್ಟರ್.

ಇವಳು ಪಕ್ಕದಲ್ಲೇ ಇದ್ದಳು. ಕಣ್ಣು ತೆರೆಯಲು ಮನಸ್ಸಾಗಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ.

ನರಗಳು ಸತ್ತಿವೆ, ಪೂರ್ತಿ ಮರಳುವುದು ಕಷ್ಟ. ಸಕ್ಕರೆ ಹಿಡಿತಕ್ಕೆ ಬಂದರೆ ಇನ್ನಷ್ಟು ಕೆಡುವುದಿಲ್ಲ. ಗಾಯ ಮಾಯಲೇಬೇಕು, ಇಲ್ಲವಾದರೆ ಕಾಲನ್ನೇ ತೆಗೆಯಬೇಕಾದೀತು. ಡ್ರೈವಿಂಗ್ ಬಂದ್. “ಇಷ್ಟು ದಿನ ಯಾರಿಗೂ ಏನೂ ಆಗ್ಲಿಲ್ವಲ್ಲ, ನಿಮ್ಮ ಅದೃಷ್ಟ,” ಎಂದರು.

ಆಗಿದೆ. ಅವರಿಗೆ ಹೇಳಲಿಲ್ಲ.

ಏಪ್ರಿಲ್ 11, ಗುರುವಾರ

ಗ್ಯಾರೇಜಿಗೆ ಆಟೋದಲ್ಲಿ ಹೋದೆ. ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದೆ, ಅದನ್ನೂ ಬರೆದಿಡುತ್ತೇನೆ. ತಪ್ಪು ನನ್ನದು, ಕಾಲಿಗೆ ಸ್ಪರ್ಶವಿಲ್ಲ, ನಿನ್ನ ಕೆಲಸದಲ್ಲಿ ದೋಷವಿರಲಿಲ್ಲ ಎಂದೆ. ಕ್ಷಮಿಸು ಎಂದೆ. ಅವನು ಟೈರಿನ ಮೇಲೆ ಕೂತುಬಿಟ್ಟ.

“ಇಷ್ಟು ದಿನ ನನ್ನ ಕೈಯನ್ನೇ ನಾನು ನಂಬ್ಲಿಲ್ಲ ಸಾರ್. ಬೋಲ್ಟ್ ಬಿಗಿ ಮಾಡಿದ್ರೂ ಮತ್ತೆ ಹೋಗಿ ನೋಡೋದು. ನನ್ನ ಹೆಂಡ್ತಿ ಎದುರಿಗೆ ಕೊಲೆಗಡುಕ ಅನ್ನಿಸ್ಕೊಂಡೆ. ನೀವು ಅಲ್ಲೇ ಕೂತಿದ್ರಿ.”

“ಹೌದು.”

“ಆ ವ್ಯಾನಿನ ಯಜಮಾನ್ರು ಆಮೇಲೆ ಬರ್ಲೇ ಇಲ್ಲ. ಯಾರೂ ಇಲ್ಲದಾಗ ಬಂದು ನನ್ನ ಕಿವೀಲಿ ಹೇಳಿದ್ರೆ ಆಯ್ತಾ ಸಾರ್? ಶನಿವಾರ ಬನ್ನಿ. ಅವರನ್ನ ನಾನು ಕರೀತೀನಿ. ನಿಮ್ಮ ಭಾಮೈದನ್ನ ನೀವು ಕರ್ಕೊಂಡು ಬನ್ನಿ. ಅವತ್ತು ಎಲ್ರೂ ಕೇಳಿದ್ರಲ್ಲ, ಇದನ್ನೂ ಎಲ್ರೂ ಕೇಳ್ಲಿ.”

ಬರುತ್ತೇನೆ ಎಂದೆ. ದಾರಿಯುದ್ದಕ್ಕೂ ಬರದೇ ಇರಲು ಒಂದು ನೆಪ ಹುಡುಕಿದೆ.

ಏಪ್ರಿಲ್ 13, ಶನಿವಾರ

ಆಯಿತು.

ಭಾಮೈದನಿಗೆ ಕಾರಣ ಹೇಳಿರಲಿಲ್ಲ, ಧೈರ್ಯ ಸಾಲಲಿಲ್ಲ. “ಇನ್ನೂ ಬುದ್ಧಿ ಬಂದಿಲ್ವಾ ಭಾವ ಅವನಿಗೆ?” ಎಂದು ತೋಳು ಮಡಿಸಿಕೊಂಡೇ ಬಂದ. ವ್ಯಾನಿನ ಯಜಮಾನರು ಸ್ಟೂಲಿನ ಮೇಲೆ ಕೂತಿದ್ದರು. ಬಾಗಿಲಲ್ಲಿ ಮೆಕ್ಯಾನಿಕ್‌ನ ಹೆಂಡತಿ. ಇವಳು ನನ್ನ ಹಿಂದೆ.

ಫ್ಯಾಕ್ಟರಿಯಲ್ಲಿ ನೂರಾರು ಜನರ ಮುಂದೆ ಮಾತಾಡುವ ಬಾಯಿ. ಎರಡು ಸಲ ಶುರುಮಾಡಿ ನಿಲ್ಲಿಸಿದೆ. ಮೂರನೆಯ ಸಲ ಹೇಳಿ ಮುಗಿಸಿದೆ. ಗೊತ್ತಿದ್ದೂ ಗಾಡಿಯೊಳಗೆ ಸುಮ್ಮನೆ ಕೂತಿದ್ದೆ ಎಂಬುದನ್ನೂ ಬಿಡಲಿಲ್ಲ.

ಭಾಮೈದನ ಮುಖ ಕೆಂಪಾಯಿತು. “ನನ್ನ ಬಾಯಲ್ಲಿ ಏನೇನು ಆಡಿಸಿದ್ರಿ ಭಾವ,” ಎಂದು ಹೊರಗೆ ಹೋಗಿ ರಸ್ತೆಯಲ್ಲಿ ನಿಂತ. ಆಮೇಲೆ ತಾನೇ ಒಳಗೆ ಬಂದು ಮೆಕ್ಯಾನಿಕ್‌ನ ಹೆಂಡತಿಗೆ ಕೈ ಮುಗಿದ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಲೇ ಕೇಳಿದ. ಪರವಾಗಿಲ್ಲ ಎನ್ನಲಿಲ್ಲ. ನಗಲಿಲ್ಲ. “ಸರಿ ಸಾರ್” ಎಂದ, ಅಷ್ಟೇ. ಆಮೇಲೆ ಇವಳ ಕಡೆ ತಿರುಗಿ, “ಮೇಡಂ, ಅವತ್ತು ಗೇಟಿನ ಹತ್ರ ನಿಮಗೆ ತುಂಬ ಏಟಾಯ್ತಾ?” ಎಂದು ಕೇಳಿದ.

ಇವಳ ಕಣ್ಣು ತುಂಬಿತು. ಮೊಣಕೈ ತೋರಿಸಿದಳು.

ಆ ಪ್ರಶ್ನೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಏಪ್ರಿಲ್ 14, ಭಾನುವಾರ, ಸಂಜೆ

ಮಂಗಳವಾರ ರಸ್ತೆ ಬದಿಯಿಂದ ಗಾಡಿ ಮನೆಗೆ ತಂದವಳೂ ಇವಳೇ. ಇವತ್ತೂ ಇವಳೇ ಓಡಿಸಿದಳು. ಹೋಗುವಾಗಲೂ, ಬರುವಾಗಲೂ. ಹೈವೇ ಹತ್ತಿದ ಮೇಲೆ ಬಟನ್ ಯಾವುದು ಎಂದು ಕೇಳಿದಳು, ತೋರಿಸಿದೆ. ಹಸಿರು ದೀಪ ಹತ್ತಿತು. ಟೋಲ್‌ವರೆಗೆ ಆರಲೇ ಇಲ್ಲ. ಅದನ್ನೇ ನೋಡುತ್ತಾ ಕೂತಿದ್ದೆ, ಆರಲಿ ಎಂದು ಒಳಗೆಲ್ಲೋ ಒಂದು ಹಾಳು ಆಸೆ. ಅದನ್ನೂ ಬರೆದುಬಿಡುತ್ತೇನೆ.

ಬರುವಾಗ ಮಗಳು ಹಿಂದಿನ ಸೀಟಿನಿಂದ, “ಅಪ್ಪ, ಕೊನೆಗೂ ಯಾರು ರಿಪೇರಿ ಮಾಡಿದ್ದು?” ಎಂದಳು.

ಇವಳು ರಸ್ತೆ ನೋಡುತ್ತಿದ್ದಳು. ನನ್ನ ಪರವಾಗಿ ಉತ್ತರ ಕೊಡಲಿಲ್ಲ.

“ಅದು ಕೆಟ್ಟೇ ಇರ್ಲಿಲ್ಲ ಪುಟ್ಟಿ,” ಎಂದೆ. ನಿನ್ನ ಮನೆಯಲ್ಲಿ, ಎಲ್ಲರೂ ನಗುವಾಗ, ನಿಮ್ಮಮ್ಮನ ಮೇಲೆ ಹಾಕಿದ್ದು ನನ್ನ ತಪ್ಪು ಎಂದೆ. ಕಾಲಿನ ವಿಷಯ ಹೇಳಿದೆ. ಮಗಳು ಸೀಟಿನ ಸಂದಿಯಿಂದ ಕೈ ಚಾಚಿ ಅಮ್ಮನ ಭುಜ ಮುಟ್ಟಿದಳು. ನನ್ನದಲ್ಲ. ಸರಿಯೇ.

ಈಗ ಮಗಳೂ ಮಗುವೂ ಒಳಕೋಣೆಯಲ್ಲಿ ಮಲಗಿದ್ದಾರೆ. ಇವಳು ಕೆಲಸ ಮುಗಿಸಿ ಕೈ ಒರೆಸಿಕೊಂಡು ಬಂದಳು. ಎದುರಿನ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಡಾಕ್ಟರ್ ಆಯಿತು, ಗ್ಯಾರೇಜ್ ಆಯಿತು. ಇನ್ನು ಅವಳ ಸರದಿ. ಬರೆಯುತ್ತಲೇ ಇದ್ದರೆ ಇನ್ನೂ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಬಹುದು. ಅದೂ ಅವಳಿಗೆ ಗೊತ್ತಾಗಿರಬೇಕು. ಏನು ಬರೀತಿದ್ದೀರಿ ಎಂದು ಕೇಳುತ್ತಿಲ್ಲ. ಪೆನ್ನು ಕೆಳಗಿಡಿ ಅಂತಿದ್ದಾ—